ಒಳಗಿನ ಹಿಡಿ

ಮೇಲಿನ ಕೋರ್ಟಿನ ತೀರ್ಪು ಬಂತೆಂಬ ಸುದ್ದಿ ಮುಟ್ಟಿದಾಗ ಅಕ್ಕ ಯಾರದೋ ಕೆಳದವಡೆಗೆ ಹಲ್ಲು ಕೂರಿಸುತ್ತಿದ್ದಳು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚುಗಳನ್ನಿಟ್ಟುಕೊಂಡು ಕಟ್ಟುಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೀದಿಯವರ ಬಾಯಲ್ಲಿ ಅವಳು ಹಲ್ಲಕ್ಕ. ಮನೆಯಲ್ಲಿ, ತಮ್ಮ ಅಕ್ಕ ಅಕ್ಕ ಎಂದು ಕರೆದೂ ಕರೆದೂ, ಹೆತ್ತ ತಾಯಿಗೂ ಅವಳು ಅಕ್ಕನೇ ಆಗಿಬಿಟ್ಟಿದ್ದಳು.

ಕೆಂಪು ಮೇಣದ ಮೇಲೆ ಹಲ್ಲನ್ನಿಟ್ಟು, ಕಾದ ಚಾಕುವಿನ ತುದಿಯಿಂದ ಬುಡಕ್ಕೆ ಮೇಣ ಸವರಿ, ಅದು ಆರುವುದರೊಳಗೆ ಕೂದಲೆಳೆಯಷ್ಟು ಅತ್ತಲೋ ಇತ್ತಲೋ ತಿರುಗಿಸಬೇಕು. ಫೋನ್ ಬಂದದ್ದು ಅಂಥ ಹೊತ್ತಿನಲ್ಲಿ. ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡೇ ಕೇಳಿದಳು. ಸರ್ಕಾರಿ ವಕೀಲರ ಗುಮಾಸ್ತ.

"ಕೊಲೆ ಪ್ರಯತ್ನದ್ದು ಬಿದ್ದುಹೋಯ್ತು ಕಣಮ್ಮ. ಕೂಡಿಹಾಕಿ ಗಾಯ ಮಾಡಿದ್ದು ಮಾತ್ರ ನಿಂತಿದೆ. ಅದೊಂದಕ್ಕೆ ಎಷ್ಟು ಶಿಕ್ಷೆ ಅಂತ ನಮ್ಮ ಕೋರ್ಟೇ ಹೊಸದಾಗಿ ತೀರ್ಮಾನ ಮಾಡ್ಬೇಕಂತೆ."

"ಅಂದ್ರೆ?"

"ಅಂದ್ರೆ ಹಳೇ ಹತ್ತು ವರ್ಷ ಇಲ್ಲ. ಆರು ವರ್ಷ ಒಳಗಿದ್ದಾನಲ್ಲ, ಬಹುಶಃ ಅಷ್ಟೇ ಸಾಕು ಅಂತಾರೆ. ನಿಮ್ಮ ತಮ್ಮ ಬಂದ ಅಂತಲೇ ಇಟ್ಕೊಳ್ಳಿ."

ಅವನ ದನಿಯಲ್ಲಿ ಶುಭಾಶಯದ ಧಾಟಿಯಿತ್ತು. ಅವಳು ಯಾವ ಕಡೆಯವಳೆಂಬುದೇ ಪಾಪ ಅವನಿಗೆ ಮರೆತುಹೋದಂತಿತ್ತು. ಫೋನ್ ಕೆಳಗಿಟ್ಟು ನೋಡುವಷ್ಟರಲ್ಲಿ ಮೇಣ ಗಟ್ಟಿಯಾಗಿ, ಮುಂದಿನ ಹಲ್ಲು ಸೊಟ್ಟಗೆ ಕೂತಿತ್ತು. ಅಕ್ಕ ಅದನ್ನು ಕಿತ್ತು ಮೊದಲಿನಿಂದ ಶುರುಮಾಡಿದಳು.

ಆರು ವರ್ಷದ ಹಿಂದೆ ನಡೆದದ್ದು ಇಷ್ಟು. ಅಕ್ಕನ ಗಂಡ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ಅವನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ತನ್ನ ಭಾವಮೈದುನನಿಗೆ ಅಲ್ಲಿ ಸೂಪರ್‌ವೈಸರ್ ಕೆಲಸ ಕೊಡಿಸಿದವನೂ ಅವನೇ. ತಮ್ಮ ಕುಡಿದು ಬಂದು, ಎಚ್ಚರಿಕೆಯ ಗಂಟೆ ಆಫ್ ಮಾಡಿ ಮೂಲೆಯಲ್ಲಿ ಮಲಗುತ್ತಾನೆಂದು ಗೊತ್ತಾದಾಗ ಮೇಸ್ತ್ರಿ ಮೊದಮೊದಲು ಬುದ್ಧಿ ಹೇಳಿದ. ಕೇಳದಿದ್ದಾಗ ಮಾಲೀಕನ ಕಿವಿಗೆ ಹಾಕಿದ. ತಮ್ಮನನ್ನು ಮೂಟೆ ಹೊರುವವರ ಸಾಲಿಗೆ ಇಳಿಸಿದರು. ಅವನು ಜಗಳ ತೆಗೆಯಲಿಲ್ಲ, ಮುಖ ಗಂಟು ಹಾಕಲಿಲ್ಲ. ನಗುನಗುತ್ತಲೇ ಇದ್ದ. ಒಂದು ಸಂಜೆ, ಎಲ್ಲರೂ ಮನೆಗೆ ಹೊರಡುವ ಹೊತ್ತಿನಲ್ಲಿ, "ಭಾವ, ಮೂರನೇ ರೂಮಿನ ಫ್ಯಾನು ಯಾಕೋ ಶಬ್ದ ಮಾಡ್ತಿದೆ, ಒಂಚೂರು ನೋಡಿ" ಎಂದ. ಮೇಸ್ತ್ರಿ ಒಳಗೆ ಹೋದ. ತಮ್ಮ ಬಾಗಿಲನ್ನು ಎಳೆದು, ಕೈ ಒರೆಸಿಕೊಂಡು ಮನೆಗೆ ಹೋದ.

ಅಂಥ ಕೋಣೆಗಳಿಗೆ ಒಳಗಡೆಯೂ ಒಂದು ಹಿಡಿ ಇರುತ್ತದೆ. ಅಕಸ್ಮಾತ್ ಯಾರಾದರೂ ಸಿಕ್ಕಿಹಾಕಿಕೊಂಡರೆ ಅದನ್ನು ಒತ್ತಿ ಹೊರಬರಬಹುದು. ಮೂರನೇ ಕೋಣೆಯ ಹಿಡಿ ಮುರಿದಿತ್ತು. ಅದು ಮುರಿದ ವಾರ ಮೇಸ್ತ್ರಿ ನೆಂಟರೊಬ್ಬರ ಸಾವಿಗೆಂದು ಬೇರೆ ಊರಿಗೆ ಹೋಗಿದ್ದರಿಂದ ಅವನಿಗೆ ತಿಳಿದಿರಲಿಲ್ಲ. ಮೆಷಿನ್ ರೂಮಿನಲ್ಲಿ ಅವನ ಊಟದ ಡಬ್ಬಿ ಉಳಿದದ್ದನ್ನು ಕಂಡ ವಾಚ್‌ಮನ್ ಅನುಮಾನಪಟ್ಟು ಒಂದೊಂದೇ ಬಾಗಿಲು ತೆರೆದು ನೋಡಿದ್ದರಿಂದ ಜೀವ ಉಳಿಯಿತು. ಬಲಗೈಯ ಮೂರು ಬೆರಳು ಹೋದವು. ಎಡಗೈಯ ಎರಡು ಬೆರಳಿನ ತುದಿ ಹೋಯಿತು.

"ತಮಾಷೆಗೆ ಹಾಕಿದ್ದು ಸ್ವಾಮಿ. ಒಳಗೆ ಹಿಡಿ ಇದ್ಯಲ್ಲ, ಐದು ನಿಮಿಷಕ್ಕೆ ಬೈಕೊಂಡು ಈಚೆ ಬರ್ತಾರೆ ಅಂದ್ಕೊಂಡಿದ್ದೆ" ಎಂದು ತಮ್ಮ ಕೋರ್ಟಿನಲ್ಲಿ ಅತ್ತಿದ್ದ.

ಹಿಡಿ ಮುರಿದದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ ಎಂಬುದರ ಮೇಲೆ ಇಡೀ ಮೊಕದ್ದಮೆ ನಿಂತಿತ್ತು. ಅವನಿಗೆ ತಿಳಿದಿತ್ತೆಂದು ಅಕ್ಕನಿಗೆ ಗೊತ್ತಿತ್ತು. ಮೇಸ್ತ್ರಿ ಊರಲ್ಲಿಲ್ಲದ ಆ ವಾರ ಊಟಕ್ಕೆ ಬಂದಿದ್ದ ತಮ್ಮ, ತಟ್ಟೆಯ ಮುಂದೆ ಕೂತು ಹೇಳಿದ್ದ: "ಮೂರನೇ ರೂಮಿನ ಒಳಗಿನ ಹಿಡಿ ಕಿತ್ಕೊಂಡು ಬಂದಿದೆ ಕಣಕ್ಕ. ಯಾವನಾದ್ರೂ ಒಳಗೆ ಸಿಕ್ಕೊಂಡ್ರೆ ಮುಗೀತು ಕಥೆ." ಅಮ್ಮ ಪಕ್ಕದಲ್ಲೇ ಕೂತಿದ್ದಳು. ಆದರೆ ಆಸ್ಪತ್ರೆಯ ಪಡಸಾಲೆಯಲ್ಲಿ ಪೊಲೀಸರು ಮೊದಲು ಕೇಳಿದಾಗ ಅಮ್ಮ ಅಕ್ಕನ ಮೊಣಕೈಯನ್ನು ಉಗುರು ಊರುವಂತೆ ಹಿಡಿದಿದ್ದಳು. ಆಗ ಅಕ್ಕ ತುಟಿ ಬಿಚ್ಚಲಿಲ್ಲ. ಗಂಡನ ಕೈಯ ಪಟ್ಟಿ ಬಿಚ್ಚಿದ್ದನ್ನು ಕಂಡ ಮೇಲೆ ಬಿಚ್ಚಿದಳು. ವಿಚಾರಣೆಯಲ್ಲಿ ಎಲ್ಲವನ್ನೂ ಹೇಳಿದಳು. ಅದೇ ಕಟಕಟೆಯಲ್ಲಿ ಮರುದಿನ ಅಮ್ಮ ನಿಂತು, ಅಂಥ ಮಾತೇ ನಡೆದಿಲ್ಲ ಎಂದಳು. ಕೆಳಗಿನ ಕೋರ್ಟು ಮಗಳನ್ನು ನಂಬಿತು. ಆರು ವರ್ಷದ ಮೇಲೆ ಮೇಲಿನ ಕೋರ್ಟು, ಮೊದಲೇ ಹೇಳದ ಮಾತನ್ನು ಆಮೇಲೆ ಸೇರಿಸಿದ್ದು ನಂಬಲರ್ಹವಲ್ಲ, ಅದೇ ಮನೆಯ ಹಿರಿಯಳು ಅಲ್ಲಗಳೆದಿದ್ದಾಳೆ ಎಂದಿತು.

ಅಮ್ಮ ಆಗಲೂ ಅಕ್ಕನ ಮನೆಯಲ್ಲೇ ಇದ್ದಳು, ಈಗಲೂ ಅಲ್ಲೇ ಇದ್ದಳು. ಎಲ್ಲಿ ಹೋದಾಳು? ತಾಯಿ ಮಗಳು ಒಂದೇ ಒಲೆಯ ಮುಂದೆ ನಿಂತು ಅಡುಗೆ ಮಾಡುತ್ತಿದ್ದರು, ನೆರೆಮನೆಯವರ ಬಗ್ಗೆ, ಮಂಡಿನೋವಿನ ಬಗ್ಗೆ, ನಲ್ಲಿಯಲ್ಲಿ ನೀರು ಬಾರದ್ದರ ಬಗ್ಗೆ ಮಾತಾಡುತ್ತಿದ್ದರು. ಅದೊಂದನ್ನು ಬಿಟ್ಟು.

ಆ ಸಂಜೆ ಅಕ್ಕ ಮನೆಗೆ ಬಂದಾಗ ಹಿಂದಿನ ಸಣ್ಣ ಕೋಣೆಯ ಸಾಮಾನೆಲ್ಲ ಹಜಾರಕ್ಕೆ ಬಂದಿತ್ತು. ಅಮ್ಮ ಸೊಂಟಕ್ಕೆ ಬಟ್ಟೆ ಬಿಗಿದು ನೆಲ ಒರೆಸುತ್ತಿದ್ದಳು. ಕಿಟಕಿಯಿಲ್ಲದ ಕೋಣೆ, ಸೂರಿನ ಹತ್ತಿರ ಅಂಗೈ ಅಗಲದ ಒಂದು ಗಾಳಿಕಿಂಡಿ ಮಾತ್ರ.

"ಯಾರಿಗಮ್ಮ ಇದು?"

"ಇನ್ಯಾರಿಗೆ? ಪಾಪುಗೆ." ಮೂವತ್ತೈದು ದಾಟಿದ ಮಗ ಅವಳಿಗೆ ಇನ್ನೂ ಪಾಪು. "ಅವನ ವಕೀಲರು ಫೋನ್ ಮಾಡಿದ್ರು. ಇರೋಕೆ ಒಂದು ಮನೆ ಅಂತ ತೋರಿಸಿದ್ರೆ ಬೇಗ ಬಿಡ್ತಾರಂತೆ. ಈ ಮನೆ ವಿಳಾಸ ಕೊಟ್ಟೆ."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ? ಇವರನ್ನ?"

ಅಮ್ಮ ಒರೆಸುವುದನ್ನು ನಿಲ್ಲಿಸಲಿಲ್ಲ. "ಅಳಿಯಂದಿರನ್ನ ಕೇಳ್ದೆ. ಬರ್ಲಿ ಬಿಡಿ ಅಂದ್ರು."

ಮೇಸ್ತ್ರಿ ಹಜಾರದಲ್ಲಿ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ಉಳಿದ ಬೆರಳುಗಳಲ್ಲೇ ಸ್ಕ್ರೂ ಡ್ರೈವರನ್ನು ಪೆನ್ನಿನಂತೆ ಹಿಡಿದು ತಿರುಗಿಸುವುದನ್ನು ಅವನು ಕಲಿತುಕೊಂಡಿದ್ದ. ಮೊದಲಿನಿಂದಲೂ ನಗಿಸುವ ಮನುಷ್ಯ. "ನನ್ನ ಸ್ನೇಹಿತರು ಬೆರಳೆಣಿಕೆಯಷ್ಟು, ಈಗ ಅದರಲ್ಲೂ ಕಮ್ಮಿಯಾದ್ರು" ಎಂದು ಎಲ್ಲರೆದುರು ಕೈ ಎತ್ತಿ ತೋರಿಸುತ್ತಿದ್ದ. ಆದರೆ ಆಸ್ಪತ್ರೆಯಿಂದ ಬಂದ ವಾರವೇ ಮನೆಯೊಳಗಿನ ಬಾಗಿಲುಗಳ ಚಿಲಕವನ್ನೆಲ್ಲ ಕಳಚಿಹಾಕಿದ್ದ. ಬಚ್ಚಲಿಗೆ ಪರದೆ. ಫ್ರಿಜ್ಜಿನ ಬಾಗಿಲನ್ನು ಅವನು ಒಂದು ಸಲವೂ ತೆರೆದವನಲ್ಲ. ಅದು ಗುಂಯ್ ಎನ್ನತೊಡಗಿದರೆ ಎದ್ದು ಬೀದಿಗೆ ಹೋಗಿ ನಿಲ್ಲುತ್ತಿದ್ದ.

"ನಿಜವಾಗ್ಲೂ ಬರ್ಲಿ ಅಂದ್ರಾ?" ಅಕ್ಕ ಕೇಳಿದಳು.

"ಎಲ್ಲೋ ಇದ್ದು ಏನು ಮಾಡ್ತಿದ್ದಾನೋ ಅಂತ ಯೋಚನೆ ಮಾಡೋದಕ್ಕಿಂತ ಕಣ್ಣೆದುರಿಗೇ ಇರ್ಲಿ" ಎಂದ ಮೇಸ್ತ್ರಿ, ತಲೆಯೆತ್ತದೆ. ನಗಲಿಲ್ಲ, ತಮಾಷೆ ಮಾಡಲಿಲ್ಲ.

ಸ್ವಲ್ಪ ದಿನದಲ್ಲಿ ಮನೆ ನೋಡಿಕೊಂಡು ಹೋಗಲು ಕೋರ್ಟಿನಿಂದ ಪ್ರೊಬೇಷನ್ ಅಧಿಕಾರಿ ಬಂದಳು. ನೋಡಲು ಸ್ಕೂಲು ಟೀಚರಿನಂತಿದ್ದ ಮಧ್ಯವಯಸ್ಸಿನ ಹೆಂಗಸು. ಹಿಂದಿನ ಕೋಣೆಯ ಹೊಸ ಹಾಸಿಗೆಯನ್ನೂ ಗೋಡೆಗೆ ಅಮ್ಮ ಹೊಡೆಸಿದ ಮೊಳೆಗಳನ್ನೂ ನೋಡಿದಳು. ಮೇಸ್ತ್ರಿಯ ಕೈಯನ್ನು ನೋಡದಿರಲು ಬಹಳ ಪ್ರಯತ್ನಪಟ್ಟಳು.

"ನಿಮಗೆ ಭಯ ಏನಾದರೂ ಇದೆಯಾ?"

"ನನಗೆ ಯಾಕೆ ಭಯ?" ಎಂದ ಮೇಸ್ತ್ರಿ. "ನನ್ನ ಮನೆಗೆ ತಾನೆ ಅವನು ಬರ್ತಿರೋದು."

ಅಧಿಕಾರಿಗೆ ಆ ಮಾತು ಹಿಡಿಸಿತು. ದೊಡ್ಡ ಮನಸ್ಸು ನಿಮ್ಮದು ಎಂದಳು. ಅಕ್ಕ ಗಂಡನ ಮುಖ ನೋಡಿದಳು. ಹನ್ನೆರಡು ವರ್ಷ ಜೊತೆಗೆ ಬಾಳಿದ ಮುಖ. ಆದರೂ ಆ ಕ್ಷಣ ಅದರಲ್ಲಿ ಏನು ಬರೆದಿದೆ ಎಂದು ಅವಳಿಗೆ ಓದಲಾಗಲಿಲ್ಲ.

ವಿಚಾರಣೆಗೆ ಎರಡು ದಿನವಿದೆ ಎನ್ನುವಾಗ, ಲ್ಯಾಬಿನಲ್ಲಿ ಕರೆಂಟು ಹೋದ್ದರಿಂದ ಅಕ್ಕ ಮಧ್ಯಾಹ್ನವೇ ಮನೆಗೆ ಬಂದಳು. ಹಿಂದಿನ ಕೋಣೆಯ ಮುಂದೆ ಅಮ್ಮ ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತಿದ್ದಳು. ಒಗೆದ ಬಟ್ಟೆ ಎರಡೂ ಕೈಯಲ್ಲಿ ಹಾಗೇ ಇತ್ತು. ಅಕ್ಕ ಅವಳ ಕಣ್ಣು ಹೋದಲ್ಲಿ ನೋಡಿದಳು.

ಚಿಲಕವೇ ಇಲ್ಲದ ಆ ಮನೆಯಲ್ಲಿ, ಕೋಣೆಯ ಬಾಗಿಲಿಗೆ ಹೊಸ ಅಗುಳಿ ಬಂದಿತ್ತು. ಹೆಬ್ಬೆರಳು ದಪ್ಪದ, ಎಣ್ಣೆಯ ವಾಸನೆ ಬರುತ್ತಿದ್ದ ಉಕ್ಕಿನ ಅಗುಳಿ. ಅದನ್ನು ಜಡಿದದ್ದು ಹೊರಗಡೆಯಿಂದ. ಒಳಗಡೆ ಏನೂ ಇರಲಿಲ್ಲ. ಬಾಗಿಲನ್ನು ಎಳೆಯಲು ಮೊದಲಿದ್ದ ಮರದ ಹಿಡಿಯನ್ನೂ ಬಿಚ್ಚಿ, ಸ್ಕ್ರೂ ತೂತುಗಳಿಗೆ ಮೇಣ ತುಂಬಿ ಸಮ ಮಾಡಲಾಗಿತ್ತು. ಅಕ್ಕನ ಪೆಟ್ಟಿಗೆಯದೇ ಕೆಂಪು ಮೇಣ.

ಮೇಲಿನ ಗಾಳಿಕಿಂಡಿಗೂ ಹಲಗೆ ಬಿದ್ದಿತ್ತು.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಅಡುಗೆಮನೆಗೆ ಹೋದಳು.

ಮೇಸ್ತ್ರಿ ಬಂದಾಗ ಅಕ್ಕ ಬೀದಿಯಲ್ಲೇ ತಡೆದಳು. "ಆ ಅಗುಳಿ ಯಾಕ್ರೀ?"

"ಬಾಗಿಲು ಗಾಳಿಗೆ ಬಡ್ಕೊಳ್ತಿತ್ತು."

"ನಮ್ಮನೇಲಿ ಎಲ್ಲಾ ಬಾಗಿಲೂ ಬಡ್ಕೊಳ್ತವೆ. ನಿಜ ಹೇಳಿ."

ಅವನು, ಪಕ್ಕದ ಮನೆಯವರ ಯಾವುದೋ ವಿಷಯ ಹೇಳುವವನಂತೆ ಹೇಳಿದ: "ಅವತ್ತು ಆ ರೂಮೊಳಗೆ ಮೊದಲು ಕೂಗಿದೆ. ಆಮೇಲೆ ಒದ್ದೆ. ಆಮೇಲೆ ನಗು ಬಂತು ಕಣೆ. ತಮಾಷೆ ಮಾಡ್ತಿದ್ದಾನೆ, ಈಗ ಬರ್ತಾನೆ ಅಂತ. ನಿನ್ನ ತಮ್ಮ ಅಲ್ವಾ. ಆ ನಗು ಇದೆಯಲ್ಲ, ಅದನ್ನ ಅವನೂ ಒಂದ್ಸಲ ನಗ್ಬೇಕು."

ಅಕ್ಕ ಮುಂದೆ ಕೇಳಲಿಲ್ಲ. ಆರು ವರ್ಷ ಅವಳು ತಮ್ಮನಿಗೆ ಹೆದರಿದ್ದಳು. ಈಗ ಯಾರಿಗೆ ಹೆದರಬೇಕೆಂಬುದೇ ತಿಳಿಯದಾಯಿತು.

ಕೋರ್ಟಿನ ಕೋಣೆ ಚಿಕ್ಕದು. ಎದುರಿನ ಗೋಡೆಯ ಏಸಿಯಿಂದ ನೇರ ಬೆಂಚುಗಳ ಮೇಲೆ ಗಾಳಿ ಬೀಳುತ್ತಿತ್ತು. ಮೇಸ್ತ್ರಿ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ಪೊಲೀಸರು ತಮ್ಮನನ್ನು ಕರೆತಂದರು. ಮೈಕೈ ತುಂಬಿಕೊಂಡು, ನುಣ್ಣಗೆ ಮುಖ ಕ್ಷೌರ ಮಾಡಿಕೊಂಡು, ಮದುವೆಮನೆಗೆ ಬಂದವನಂತೆ ಕಾಣುತ್ತಿದ್ದ. ಕಟಕಟೆಗೆ ಹತ್ತುವಾಗ ಜವಾನನ ಕಡೆ ಬಾಗಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ: "ಆ ಏಸಿ ಸ್ವಲ್ಪ ಕಮ್ಮಿ ಮಾಡ್ತೀರಾ ಅಣ್ಣ? ನಮ್ಮ ಭಾವಂಗೆ ಚಳಿ ಆಗಲ್ಲ."

ಜವಾನ ಕಮ್ಮಿ ಮಾಡಿದ. ಅಕ್ಕನ ಬೆನ್ನಲ್ಲಿ ಮಾತ್ರ ಚಳಿ ಹೊಕ್ಕಿತು.

ನ್ಯಾಯಾಧೀಶರು ಹೊಸಬರು. ಹಳೆಯ ತೀರ್ಪಿಗೂ ಅವರಿಗೂ ಸಂಬಂಧವಿರಲಿಲ್ಲ. ಉಳಿದಿರುವ ಅಪರಾಧ ಯಾವುದು, ಅದಕ್ಕೆ ಕಾನೂನಿನಲ್ಲಿ ಎಷ್ಟರವರೆಗೆ ಶಿಕ್ಷೆ ಎಂಬುದನ್ನು ಓದಿ ಹೇಳಿದರು. ಹೆಚ್ಚೆಂದರೆ ಏಳು ವರ್ಷ. ಸರ್ಕಾರಿ ವಕೀಲರು ಏಳನ್ನೂ ಕೊಡಿ ಎಂದರು. ತಮ್ಮನ ವಕೀಲರು, ಒಳಗಿದ್ದಷ್ಟು ಸಾಕು, ಒಳ್ಳೆಯ ನಡತೆ, ವಯಸ್ಸಾದ ತಾಯಿ, ಒಪ್ಪಿ ಕರೆಯುತ್ತಿರುವ ಮನೆ ಎಂದರು. ಪ್ರೊಬೇಷನ್ ಅಧಿಕಾರಿಯ ವರದಿಯೂ ಅದನ್ನೇ ಹೇಳಿತು.

"ನೀವೇನಾದರೂ ಹೇಳುವುದಿದೆಯೆ?" ನ್ಯಾಯಾಧೀಶರು ತಮ್ಮನನ್ನು ಕೇಳಿದರು.

"ಅಕ್ಕನ ಮನೇಲೇ ಇರ್ತೀನಿ ಸ್ವಾಮಿ. ಭಾವನ ಸೇವೆ ಮಾಡ್ಕೊಂಡಿರ್ತೀನಿ. ಅವರಿಗೆ ಕೈ ಇಲ್ಲ, ನಾನೇ ಅವರ ಕೈ ಆಗ್ತೀನಿ." ಕಣ್ಣೊರೆಸಿಕೊಂಡ. ಒರೆಸಿದ ಮೇಲೆ ಅಕ್ಕನ ಕಡೆ ನೋಡಿ ನಕ್ಕ. ಆರು ವರ್ಷದ ಹಿಂದಿನದೇ ನಗು.

"ಮನೆ ನಿಮ್ಮ ಹೆಸರಿನಲ್ಲಿದೆಯಂತೆ. ನಿಮ್ಮ ಒಪ್ಪಿಗೆ ಇದೆಯಲ್ಲವೇ?"

ನ್ಯಾಯಾಧೀಶರ ಈ ಪ್ರಶ್ನೆ ತನಗೆ ಎಂದು ಅಕ್ಕನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಎದ್ದು ನಿಂತಳು. ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡಳು.

"ಇಲ್ಲ."

ಮೇಸ್ತ್ರಿ ತಟ್ಟನೆ ತಿರುಗಿ ನೋಡಿದ.

"ಇಲ್ಲ ಸರ್. ಇವರಿಬ್ಬರೂ ಒಂದೇ ಸೂರಿನ ಕೆಳಗೆ ಇರಬಾರದು. ಇದ್ರೆ ಇಬ್ಬರಲ್ಲಿ ಒಬ್ಬರು ಉಳಿಯಲ್ಲ."

"ಯಾರು ಉಳಿಯುವುದಿಲ್ಲ? ಯಾರಿಂದ ಯಾರಿಗೆ ಅಪಾಯ?"

"ಅದು ನನಗೆ ಗೊತ್ತಿಲ್ಲ" ಎಂದಳು ಅಕ್ಕ. "ಯಾರಾದ್ರೂ ಸರಿ, ಉಳಿಯಲ್ಲ."

ಕೋಣೆಯಲ್ಲಿ ಗುಸುಗುಸು ಎದ್ದಿತು. ಅದು ಅಡಗುವ ಮುನ್ನವೇ ಹಿಂದಿನ ಬೆಂಚಿನಿಂದ ಅಮ್ಮ ಎದ್ದಳು. ಯಾರೂ ಅವಳನ್ನು ಕರೆದಿರಲಿಲ್ಲ.

"ಅವನಿಗೆ ಗೊತ್ತಿತ್ತು" ಎಂದಳು.

"ಅಮ್ಮ, ಕೂತ್ಕೊಳಮ್ಮ" ಎಂದ ಮಗ, ಕಟಕಟೆಯಿಂದ, ಮುದ್ದಾಗಿ.

"ಹಿಡಿ ಕಿತ್ತಿದ್ದು ಪಾಪುಗೆ ಗೊತ್ತಿತ್ತು ಸ್ವಾಮಿ. ಊಟಕ್ಕೆ ಕೂತಾಗ ಹೇಳಿದ. ನಾನು ಪಕ್ಕದಲ್ಲೇ ಇದ್ದೆ. ನನ್ನ ಮಗಳು ಹೇಳಿದ್ದೇ ಸರಿ, ನಾನೇ ಸುಳ್ಳು ಹೇಳಿದ್ದು. ಅವನನ್ನ ಬಿಡಬೇಡಿ. ಒಳಗೇ ಇಟ್ಕೊಳ್ಳಿ."

ತಾಯಿ ನ್ಯಾಯಕ್ಕೆ ತಲೆಬಾಗಿದಳೆಂದು ಅಲ್ಲಿದ್ದವರಿಗೆ ಅನ್ನಿಸಿರಬೇಕು. ಅಕ್ಕನಿಗೊಬ್ಬಳಿಗೆ ಒಳಗುಟ್ಟು ಗೊತ್ತಿತ್ತು. ಮಗನನ್ನು ಬಿಡಿಸಲೆಂದು ಅಂದು ಸುಳ್ಳು ಹೇಳಿದ ಅಮ್ಮ, ಆ ಅಗುಳಿ ಕಂಡ ಮೇಲೆ, ಮಗ ಬದುಕಿರಲೆಂದು ಇಂದು ನಿಜ ಹೇಳುತ್ತಿದ್ದಳು. ಅವಳ ಮಟ್ಟಿಗೆ ಈಗ ಜೈಲಿಗಿಂತ ಕ್ಷೇಮದ ಜಾಗ ಅವನಿಗೆ ಇನ್ನೊಂದಿರಲಿಲ್ಲ.

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಮ್ಮನನ್ನು ಕೂರಿಸಲು ಹೇಳಿ, ನಿಧಾನವಾಗಿ ವಿವರಿಸಿದರು. ಕೊಲೆಯತ್ನದ ಪ್ರಶ್ನೆಯನ್ನು ಮೇಲಿನ ನ್ಯಾಯಾಲಯ ತೀರ್ಮಾನಿಸಿ ಮುಗಿಸಿದೆ. ಅವನಿಗೆ ಗೊತ್ತಿತ್ತೋ ಇಲ್ಲವೋ ಎಂಬುದನ್ನು ಈ ಕೋರ್ಟು ಇನ್ನು ತೂಗುವಂತಿಲ್ಲ. ಸುಳ್ಳು ಸಾಕ್ಷಿಯ ವಿಚಾರ ಬೇರೆ, ಅದನ್ನು ಸಂಬಂಧಪಟ್ಟವರು ನೋಡುತ್ತಾರೆ. ಇವತ್ತು ತನ್ನ ಮುಂದಿರುವುದು ಉಳಿದ ಅಪರಾಧವೊಂದೇ.

ಆದೇಶ ಮಧ್ಯಾಹ್ನದ ಮೇಲೆ ಬಂತು. ಆರು ವರ್ಷ, ಅದನ್ನಾಗಲೇ ಅನುಭವಿಸಿಯಾಗಿದೆ. ಬೇರೆ ಯಾವ ಕೇಸೂ ಇಲ್ಲದಿದ್ದರೆ ಬಿಟ್ಟುಬಿಡುವುದು. ಎರಡು ವರ್ಷ ಅಕ್ಕನ ಮನೆಯ ಬೀದಿಗೆ ಕಾಲಿಡಕೂಡದು.

ತಮ್ಮ ಕಟಕಟೆಯಿಂದ ಇಳಿಯುವಾಗ ಅಕ್ಕನನ್ನೂ ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ. ಅಮ್ಮನನ್ನೇ ನೋಡಿದ. ಆಗ ಮಾತ್ರ ಅವನ ಮುಖದಲ್ಲಿ ನಗುವಿರಲಿಲ್ಲ.

ಮನೆಗೆ ಬಂದ ಮೇಲೆ ಮೇಸ್ತ್ರಿ ಬಟ್ಟೆಯನ್ನೂ ಬದಲಿಸದೆ ಹೋಗಿ ಅಗುಳಿಯನ್ನು ಬಿಚ್ಚತೊಡಗಿದ. ಅಕ್ಕ ಪಕ್ಕದಲ್ಲಿ ನಿಂತು ಅವನು ಕೊಟ್ಟ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದಳು.

"ನಿಜವಾಗ್ಲೂ ಹಾಕ್ತಿದ್ರಾ?"

"ಗೊತ್ತಿಲ್ಲ ಕಣೆ" ಎಂದ ಮೇಸ್ತ್ರಿ. "ಜಡಿಯೋವಾಗ ಗೊತ್ತಿತ್ತು."

ತಮ್ಮ ಬಸ್ಸಿನಲ್ಲಿ ಎರಡು ಗಂಟೆಯ ಹಾದಿಯ ಒಂದು ಊರಿನಲ್ಲಿ ಮರ ಕೊಯ್ಯುವ ಮಿಲ್ಲು ಸೇರಿದನೆಂದು ಅವನ ವಕೀಲರಿಂದ ತಿಳಿಯಿತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಲ್ಯಾಬಿಗೆ ಹೋಗುವಾಗ ಯಾರೋ ಬೆನ್ನ ಹಿಂದೆ ಇದ್ದಂತೆ ಅಕ್ಕನಿಗೆ ಅನ್ನಿಸುತ್ತಿತ್ತು. ಒಂದು ಬೆಳಿಗ್ಗೆ, ಬೀದಿಯ ತುದಿಯಲ್ಲಿ, ಸರಿಯಾಗಿ ಅಲ್ಲಿಂದ ಒಳಗೆ ಬರಕೂಡದು ಎನ್ನುವ ಜಾಗದಲ್ಲಿ, ತಮ್ಮ ಕಂಬಕ್ಕೆ ಒರಗಿ ನಿಂತಿದ್ದ. ಮಾತಾಡಿಸಲಿಲ್ಲ. ಅವಳು ಬಸ್ಸು ಹತ್ತುವವರೆಗೂ ನೋಡುತ್ತಲೇ ನಿಂತಿದ್ದ. ಮುಂದಿನ ವಾರ ಬಂದಾಗ ಮೇಸ್ತ್ರಿಯೂ ಕಂಡ. ಅದಾದ ಮೇಲೆ ಮೇಸ್ತ್ರಿ ರಿಪೇರಿಯ ಸಾಮಾನನ್ನು ಬೀದಿಗೆ ಮುಖ ಮಾಡಿ ಇಟ್ಟುಕೊಂಡು ಕೂರತೊಡಗಿದ. ಪಕ್ಕದಲ್ಲಿ ದೊಡ್ಡ ಸುತ್ತಿಗೆ ಇರುತ್ತಿತ್ತು. ಮಿಕ್ಸಿ ರಿಪೇರಿಗೆ ಸುತ್ತಿಗೆ ಯಾಕೆ ಎಂದು ಯಾರೂ ಕೇಳಲಿಲ್ಲ.

ಅಮ್ಮ ಕೇಳಲಿಲ್ಲ. ಬದಲು ತನ್ನ ಬಟ್ಟೆಯನ್ನು ಒಂದು ಚೀಲಕ್ಕೆ ತುಂಬಿದಳು.

"ನಾನು ಪಾಪು ಹತ್ರ ಹೋಗ್ತೀನಿ."

"ಅಮ್ಮ, ನಿನಗೆ ಬುದ್ಧಿ ಇದ್ಯಾ? ಕೋರ್ಟಲ್ಲಿ ಅವನು ನಿನ್ನನ್ನ ನೋಡಿದ್ದು ನೋಡ್ಲಿಲ್ವಾ?"

"ನೋಡಿದೆ. ಅದಕ್ಕೇ ಹೋಗ್ತಿರೋದು. ಅವನಿಗೆ ಸಿಟ್ಟಿರೋದು ನನ್ನ ಮೇಲೆ. ನಾನು ಅಲ್ಲಿದ್ರೆ ಅವನಿಗೆ ಇಲ್ಲಿ ಬಂದು ನಿಲ್ಲೋ ಕೆಲಸ ಇರಲ್ಲ."

ಅಕ್ಕ ಅತ್ತಳು, ಬೈದಳು, ಚೀಲ ಕಿತ್ತುಕೊಂಡಳು. ಅಮ್ಮ ಮಾತ್ರ ಹಿಡಿದ ಹಟ ಬಿಡಲಿಲ್ಲ. ಹೋದಳು. ಅವಳು ಹೇಳಿದಂತೆಯೇ ಆಯಿತು. ತಮ್ಮ ಬೀದಿಯ ತುದಿಗೆ ಮತ್ತೆ ಬರಲಿಲ್ಲ. ಕಂಬದ ಬುಡದಲ್ಲಿ ನಾಯಿಯೊಂದು ಮಲಗತೊಡಗಿತು. ಮೇಸ್ತ್ರಿಯ ಸುತ್ತಿಗೆ ಪೆಟ್ಟಿಗೆ ಸೇರಿತು. ಒಂದು ದಿನ ಅವನು, ಬಹಳ ಕಾಲದ ಮೇಲೆ, ಲ್ಯಾಬಿನಿಂದ ಬಂದ ಹೆಂಡತಿಗೆ, "ಏನೇ ಹಲ್ಲಕ್ಕ, ಇವತ್ತು ಎಷ್ಟು ಜನರ ಬಾಯಿ ಮುಚ್ಚಿಸಿದೆ?" ಎಂದು ಕೇಳಿದ. ಅಕ್ಕ ನಕ್ಕಳು. ನಕ್ಕ ಮೇಲೆ, ಈ ನಗು ಅಮ್ಮ ಅಲ್ಲಿ ಹೋಗಿ ಕೂತು ಕೊಟ್ಟದ್ದೆಂದು ನೆನಪಾಯಿತು.

ಅಮ್ಮ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಚೆನ್ನಾಗಿದ್ದೀನಿ, ಪಾಪು ಕುಡಿಯೋದು ಬಿಟ್ಟಿದ್ದಾನೆ, ತಾನೇ ಅಡುಗೆ ಮಾಡಿ ಬಡಿಸ್ತಾನೆ. ಪ್ರತಿ ಸಲವೂ ಅದೇ ಮಾತು, ಅದೇ ಕ್ರಮದಲ್ಲಿ, ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿರುವಂತೆ. ಬರಬರುತ್ತ ಮಗನ ಫೋನಿನಿಂದ ಬರುತ್ತಿದ್ದ ಆ ಕರೆಯೂ ನಿಂತಿತು. ಕಡೆಗೆ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಬಂತು.

"ಪಕ್ಕದ ಮನೆಯವರದ್ದು, ಕಿಟಕಿಯಿಂದ ಇಸ್ಕೊಂಡೆ" ಎಂದಳು ಅಮ್ಮ ಪಿಸುದನಿಯಲ್ಲಿ. "ಮಂಡಿನೋವಿನ ಮಾತ್ರೆ ಹೆಸರು ಹೇಳು. ಇವರು ತಂದುಕೊಡ್ತಾರಂತೆ."

"ಕಿಟಕಿಯಿಂದ ಯಾಕೆ? ನೀನೇ ಹೋಗಿ ತರೋಕೆ ಅಂಗಡಿ ದೂರನಾ?"

"ಇಲ್ಲ. ಪಾಪು ಕೆಲಸಕ್ಕೆ ಹೋಗೋವಾಗ ಬೀಗ ಹಾಕ್ಕೊಂಡು ಹೋಗ್ತಾನೆ."

ಅಕ್ಕ ಕೆಲಸವನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬಂದಳು. ಅವಳು ಹೇಳಿದ್ದನ್ನು ಕೇಳಿ ಮೇಸ್ತ್ರಿ ಎದ್ದು ಚಪ್ಪಲಿ ಮೆಟ್ಟಿದ. ಅಷ್ಟೇ. ಇಬ್ಬರೂ ಬಸ್ಸು ಹತ್ತಿದರು.

ಸಾಲುಮನೆಗಳ ಕಡೆಯ ಕೋಣೆ. ಬಾಗಿಲ ಮೇಲೆ ಅಂಗೈ ತುಂಬುವ ಹೊಸ ಬೀಗ. ಕಿಟಕಿಯ ಸರಳಿನ ಹಿಂದೆ ಅಮ್ಮ ಇನ್ನೂ ಕೃಶವಾಗಿ, ಆದರೆ ತಲೆ ಬಾಚಿಕೊಂಡು ಅಚ್ಚುಕಟ್ಟಾಗಿ ಕೂತಿದ್ದಳು. ಅವರನ್ನು ಕಂಡು ಅವಳಿಗೆ ಸಂತೋಷವಾಗಲಿಲ್ಲ.

"ಯಾಕೆ ಬಂದ್ರಿ? ಹೋಗಿ, ಅವನು ಬರೋ ಹೊತ್ತು."

"ಅಮ್ಮ, ಬೀಗ ಒಡೀತೀನಿ" ಎಂದ ಮೇಸ್ತ್ರಿ.

"ಬೇಡಪ್ಪ. ಕೈಮುಗೀತೀನಿ. ಹೊಡೆಯಲ್ಲ, ಬಡಿಯಲ್ಲ, ಊಟಕ್ಕೆ ಕಮ್ಮಿ ಮಾಡಿಲ್ಲ. ನನ್ನನ್ನ ಕಾಯೋದ್ರಲ್ಲೇ ಅವನ ದಿನ ಕಳೆದುಹೋಗುತ್ತೆ. ಕಳೀಲಿ ಬಿಡಿ."

ಅಷ್ಟರಲ್ಲಿ ತಮ್ಮ ತರಕಾರಿ ಚೀಲ ಹಿಡಿದು ಬೀದಿಯಲ್ಲಿ ಬಂದ. ತಲೆಗೂದಲ ತುಂಬ ಮರದ ಹೊಟ್ಟು. ಅವರನ್ನು ಕಂಡವನು ನಡಿಗೆಯನ್ನು ಜೋರು ಮಾಡಲಿಲ್ಲ, ನಿಧಾನವೂ ಮಾಡಲಿಲ್ಲ. "ಓಹೋ, ಅಕ್ಕ, ಭಾವ! ಬನ್ನಿ ಬನ್ನಿ" ಎಂದು ಬೀಗ ತೆಗೆದ. ಅಕ್ಕ ಒಳಗೆ ಹೋದಳು. ಮೇಸ್ತ್ರಿ ಹೊಸ್ತಿಲ ಮೇಲೇ ಕೂತ.

"ಒಳಗೆ ಬನ್ನಿ ಭಾವ, ಗಾಳಿ ಬರುತ್ತೆ, ಬಾಗಿಲು ಹಾಕ್ಬೇಕು."

"ಗಾಳಿ ಬರ್ಲಿ."

ತಮ್ಮ ಟೀ ಮಾಡಿಕೊಟ್ಟ. ಅಮ್ಮನ ಲೋಟವನ್ನು ತಾನೇ ಊದಿ ಆರಿಸಿ ಕೈಗಿಟ್ಟ. "ಬೀದಿ ತುಂಬ ಗಾಡಿಗಳು, ಅಮ್ಮಂಗೆ ಕಣ್ಣು ಬೇರೆ ಮಂಜು. ಅದಕ್ಕೇ ಬೀಗ" ಎಂದ.

"ಹಾಗಾದ್ರೆ ಇನ್ನೊಂದು ಕೀ ನನಗೆ ಕೊಡು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಬೇಕಾಗುತ್ತೆ" ಎಂದಳು ಅಕ್ಕ.

"ಅಯ್ಯೋ, ಅದಕ್ಕೇನಂತೆ" ಎಂದು ಅವನು ಗೂಡಿನಿಂದ ಒಂದು ಕೀ ತೆಗೆದು ಅವಳ ಕೈಗೆ ಹಾಕಿದ. "ಯಾವಾಗ ಬೇಕಾದ್ರೂ ಬಾ ಅಕ್ಕ."

ಬಸ್ ಸ್ಟ್ಯಾಂಡಿನಲ್ಲಿ ಮೇಸ್ತ್ರಿ ಕೀಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದ. ಎರಡು ಸಲ ತಿರುಗಿಸಿ ನೋಡಿದ.

"ಇದು ಆ ಬೀಗದ್ದಲ್ಲ. ಯಾವುದೋ ಟ್ರಂಕಿನ ಕೀ."

ಬಸ್ಸು ಬಂತು, ನಿಂತಿತು, ಅವರನ್ನು ಬಿಟ್ಟು ಹೋಯಿತು. ಇಬ್ಬರೂ ಬಂದ ದಾರಿಯಲ್ಲೇ ಹಿಂದಿರುಗಿದರು. ಬಾಗಿಲು ತಟ್ಟಿದಾಗ ತಮ್ಮನೇ ತೆಗೆದ. ಅಕ್ಕ ಅವನನ್ನು ದಾಟಿ ಒಳಗೆ ನಡೆದು, ಕೀಯನ್ನು ಗೂಡಿನ ಮೇಲಿಟ್ಟಳು.

"ನಡಿ ಅಮ್ಮ."

ಅಮ್ಮ ಮಗನನ್ನು ನೋಡಿದಳು. ತಮ್ಮ ಕೀಯನ್ನು ನೋಡಿ, ಬಾಗಿಲು ಮುಚ್ಚದಂತೆ ಹೆಗಲಿನಿಂದ ಒತ್ತಿಹಿಡಿದು ನಿಂತಿದ್ದ ಭಾವನನ್ನು ನೋಡಿ, ಮೆಲ್ಲಗೆ ನಕ್ಕ.

"ಕೈತಪ್ಪಿ ಬೇರೆದು ಕೊಟ್ಟೆನಾ? ಹೋಗಮ್ಮ, ಹೋಗು. ನಾನೇನು ಕಟ್ಟಿಹಾಕಿದ್ದೀನಾ?"

ಅವನೇ ಅವಳ ಬಟ್ಟೆಯನ್ನು ಮಡಿಸಿ ಚೀಲಕ್ಕೆ ತುಂಬಿದ. ಅವನೇ ಬಸ್ ಸ್ಟ್ಯಾಂಡಿನವರೆಗೆ ಹೊತ್ತು ತಂದ. ಅಮ್ಮನನ್ನು ಹತ್ತಿಸಿ, ಕಿಟಕಿಯ ಪಕ್ಕದಲ್ಲಿ ಕೂರಿಸಿ, ಶಾಲನ್ನು ಕತ್ತಿನ ಸುತ್ತ ಸರಿಮಾಡಿ ಇಳಿದ. ಬಸ್ಸು ಹೊರಟಾಗ ಕೈಬೀಸಲಿಲ್ಲ. ಸುಮ್ಮನೆ ನಿಂತು ಅದರ ಹಣೆಯ ಮೇಲಿದ್ದ ಊರಿನ ಹೆಸರನ್ನು ಓದುತ್ತಿದ್ದ.

ಅಕ್ಕ ಅಮ್ಮನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಿದ್ದಳು. ಬದುಕಿದೆಯಾ ಬಡಜೀವವೇ ಎಂದು ಎದೆ ಹಗುರಾಗತೊಡಗಿತ್ತು.

"ಬೆಳಗಾದ್ರೆ ಮಿಲ್ಲಿಗೆ ಹೋಗೋನು, ನನಗೋಸ್ಕರ ವಾಪಸ್ ಬರೋನು" ಎಂದಳು ಅಮ್ಮ, ಕಿಟಕಿಯ ಹೊರಗೆ ನೋಡುತ್ತ. "ಇನ್ನು ಅವನಿಗೆ ಆ ಊರಲ್ಲಿ ಏನಿದೆ ಅಂತ ಇರ್ತಾನೆ?"